ಶಿವಗಂಗವ್ವ ಕೇಳಿದ ಆಣೆ

ದೂಧಗಂಗಾ ಹೊಳೆಯ ಈ ದಂಡೆಯಲ್ಲಿ ನಿಂತು ಶಿವಗಂಗವ್ವ ಕೂಗಿದರೆ ಆ ದಂಡೆಯ ಮಹಾರಾಷ್ಟ್ರದಲ್ಲಿ ಕುರಿಗಳು ತಲೆಯೆತ್ತುತ್ತವೆ ಎಂದು ಬೀರವಾಡಿಯ ಜನ ಗೇಲಿ ಮಾಡುತ್ತಿದ್ದರು. ಗೇಲಿಯಾದರೂ ಸುಳ್ಳಲ್ಲ. ಬೇಸಿಗೆಯಲ್ಲಿ ಅವರಪ್ಪನ ಹಿಂಡು ಹೊಳೆ ದಾಟಿ ಹೋದರೆ ಈ ಹುಡುಗಿ ನೀರಿಗಿಳಿಯುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ದಂಡೆಯ ಕಲ್ಲಿನ ಮೇಲೆ ನಿಂತು ಒಂದು ಕೂಗು ಹಾಕಿದರೆ ಸಾಕು, ಕುರಿಗಳು ಸಾಲಾಗಿ ಕರ್ನಾಟಕಕ್ಕೆ ವಾಪಸಾಗುತ್ತಿದ್ದವು. ಎರಡು ಸರ್ಕಾರಗಳು ಎಷ್ಟೋ ವರ್ಷದಿಂದ ಕೋರ್ಟಿನಲ್ಲಿ ಬಗೆಹರಿಸಿಕೊಳ್ಳಲಾಗದ ಗಡಿಯನ್ನು ಆ ಕುರಿಗಳು ಅವಳ ಒಂದೇ ಮಾತಿಗೆ ದಾಟಿ ಬರುತ್ತಿದ್ದವು.

ಆ ದನಿಯೊಂದು ಬಿಟ್ಟರೆ ದೇವರು ಅವಳಿಗೆ ಹೆಚ್ಚೇನೂ ಕೊಟ್ಟಿರಲಿಲ್ಲ. ತಮ್ಮ ಜ್ಞಾನದೇವ ಹುಟ್ಟಿದ ಬಾಣಂತನದಲ್ಲೇ ತಾಯಿ ಹೋದಳು. ರಾಯಬಾಗದ ಕಡೆ ಅಲಖನೂರಿಗೆ ಮದುವೆ ಮಾಡಿ ಕೊಟ್ಟರು; ಗಂಡ ಎರಡನೆಯವಳನ್ನು ತಂದ ದಿನ ಇವಳು ಸೀರೆಯ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ತವರಿಗೆ ಬಂದುಬಿಟ್ಟಳು. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ತಮ್ಮ ಮಾತ್ರ ಓಡಿಬಂದು ಸೊಂಟ ಹಿಡಿದುಕೊಂಡ. ಅಲ್ಲಿಂದ ಅವಳು ಅವನ ಅಕ್ಕನೂ ಹೌದು, ತಾಯಿಯೂ ಹೌದು. ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಮುಖಕ್ಕೆ ಸೆರಗು ಬಿಗಿದು ತಂಬಾಕು ಜರಡಿ ಹಿಡಿದು ಅವನನ್ನು ಓದಿಸಿದಳು. ವಖಾರಿಯ ಧೂಳಿನಿಂದ ಅವಳಿಗೆ ಕೆಮ್ಮು ಅಂಟಿಕೊಂಡಿತು. ದನಿ ಮಾತ್ರ ಹಾಗೇ ಉಳಿಯಿತು.

ಅವರದು ಬೀರದೇವರ ಪೂಜಾರಿಕೆಯ ಮನೆ. ಗುಡಿ ಎಂದರೆ ಗೋಪುರ, ಕಳಸ ಏನಲ್ಲ. ಊರ ಹೊರಗೆ ಹುಣಸೆಮರದ ಕೆಳಗೆ ತಗಡಿನ ಮಾಡು, ಒಳಗೆ ಕರಿಕಂಬಳಿ ಹೊದ್ದ ದೇವರು, ದೇವರ ಮುಂದೆ ಒಂದು ಹಿತ್ತಾಳೆ ಪರಾತದ ತುಂಬ ಅರಿಶಿನಪುಡಿ. ಅದೇ ಭಂಡಾರ. ಹಬ್ಬದ ದಿನ ಎಲ್ಲರ ತಲೆಯ ಮೇಲೆ ತೂರುವ ಈ ಪುಡಿಯೇ ಜಗಳದ ದಿನ ಊರಿನ ನ್ಯಾಯಾಧೀಶ. ಯಾರ ಮೇಲೆ ಅನುಮಾನವೋ ಅವನು ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು, ಒಂದು ಬಿಲ್ವಪತ್ರೆಯ ಜೊತೆಗೆ ಅಂಗೈ ತುಂಬ ಭಂಡಾರ ಎತ್ತಿಕೊಂಡು 'ನಾನು ಮಾಡಿಲ್ಲ' ಎಂದು ಹೇಳಿ ಮೇಲಕ್ಕೆ ತೂರಬೇಕು. ತೂರಿದನೋ, ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಅವನನ್ನು ಯಾರೂ ಏನೂ ಕೇಳುವಂತಿಲ್ಲ. ಕೇಳಿದರೆ ಅವನನ್ನಲ್ಲ, ದೇವರನ್ನೇ ಅನುಮಾನಿಸಿದಂತೆ. ಸುಳ್ಳು ಆಣೆ ಮಾಡಿದ್ದರೆ ಅವನ ಲೆಕ್ಕ ಬೀರದೇವರಿಗೆ ಸೇರಿದ್ದು.

ಆದರೆ ಎತ್ತುವ ತನಕ ಹೋದವರು ಬಹಳ ಕಡಿಮೆ. ಅಪ್ಪ ಯಾವತ್ತೂ ತಕ್ಷಣ ಆಣೆ ಮಾಡಿಸುತ್ತಿರಲಿಲ್ಲ. ಬರುವ ಅಮಾವಾಸ್ಯೆಗೆ ಎಂದು ಹೇಳಿ ಎದ್ದುಬಿಡುತ್ತಿದ್ದ. ಆ ಅಮಾವಾಸ್ಯೆ ಬರುವುದರೊಳಗೆ ಕಳುವಾದ ಆಡು ತಾನಾಗಿ ಹಿತ್ತಲಲ್ಲಿ ಪ್ರತ್ಯಕ್ಷವಾಗುತ್ತಿತ್ತು, ಮೋಟಾರಿನ ಸ್ಟಾರ್ಟರು ಬಾವಿಯ ಕಟ್ಟೆಯ ಮೇಲೆ ಕುಳಿತಿರುತ್ತಿತ್ತು. ಒಮ್ಮೆ ಪಕ್ಕದ ಹೊಲದ ಈಶ್ವರ ಬದುವಿನ ಕಲ್ಲನ್ನು ಇವರ ಹೊಲದೊಳಗೆ ಸರಿಸಿದ್ದ. ಕೇಳಿದ್ದಕ್ಕೆ ಮೈಮೇಲೆ ಏರಿ ಬಂದ. ಅಪ್ಪ ಅಮಾವಾಸ್ಯೆ ಎಂದ. ಆ ದಿನ ಬೆಳಿಗ್ಗೆ ಕಲ್ಲು ಹಳೇ ಜಾಗದಲ್ಲಿ ಹಸಿ ಮಣ್ಣು ಮೆತ್ತಿಕೊಂಡು ನಿಂತಿತ್ತು. ಈಶ್ವರ ತೆಂಗಿನಕಾಯಿ ಹಿಡಿದು ಗುಡಿಗೆ ಬಂದ. ಅಪ್ಪ ಕಾಯಿ ಒಡೆದು ಅರ್ಧ ಹೋಳು ಅವನ ಕೈಗೇ ಕೊಟ್ಟ. ಕಂಬಕ್ಕೆ ಒರಗಿ ನಿಂತಿದ್ದ ಶಿವಗಂಗವ್ವ ಆ ಕೈ ನಡುಗುವುದನ್ನು ನೋಡಿದಳು. ಆರಡಿ ಎತ್ತರದ, ಎತ್ತಿನ ಕೊಂಬು ಹಿಡಿದು ಬಗ್ಗಿಸುವ ಗಂಡಸಿನ ಕೈ. ಆ ನಡುಕ ಅವಳ ಕಣ್ಣಲ್ಲಿ ಕೂತುಬಿಟ್ಟಿತು. ಮನುಷ್ಯ ಎಷ್ಟೇ ಕೆಟ್ಟವನಿರಲಿ, ಭಂಡಾರದ ಮುಂದೆ ಕೈ ನಡುಗುತ್ತದೆ ಎಂದು ಅವಳು ಜೀವನಪೂರ್ತಿ ನಂಬಿದ್ದು ಅಲ್ಲಿಂದ. ಅವಳು ಕಂಡಷ್ಟು ಪ್ರಪಂಚದಲ್ಲಿ ಅದು ನಿಜವೂ ಆಗಿತ್ತು.

ಜ್ಞಾನದೇವ ದೊಡ್ಡವನಾಗಿ ಊರಿನ ವಾಲಿಕಾರನಾದ. ಸರ್ಕಾರದ ಕಾಗದದಲ್ಲಿ ಗ್ರಾಮ ಸಹಾಯಕ; ಕೆಲಸ ಮಾತ್ರ ಡಂಗುರ ಸಾರುವುದರಿಂದ ಹಿಡಿದು ಹೆಣ ಕಾಯುವವರೆಗೆ ಎಲ್ಲವೂ. ಹೊಳೆಯ ಉಸುಕು ಕಾಯುವುದೂ ಅದರಲ್ಲಿ ಒಂದು. ಉಸುಕು ಎತ್ತುವುದಕ್ಕೆ ಸರ್ಕಾರದ ನಿಷೇಧ ಇತ್ತು, ಎತ್ತುವವರಿಗೆ ಸರ್ಕಾರದ ಭಯ ಇರಲಿಲ್ಲ. ಎತ್ತಿಸುತ್ತಿದ್ದವನ ಹೆಸರು ಸಂದೇಶ. ಮೊದಲು ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಟೆಂಪೊ ಓಡಿಸುತ್ತಿದ್ದವನು; ಈಗ ಟಿಪ್ಪರುಗಳ ಸಾಲು, ಕೊರಳಲ್ಲಿ ಬೆರಳು ದಪ್ಪದ ಚೈನು, ಎದೆಯ ಜೇಬಿನಲ್ಲಿ ಆಮದಾರರ ಫೋಟೊ.

ಈ ಭಾಗದಲ್ಲಿ ಶಾಸಕನನ್ನು ಆಮದಾರ ಎನ್ನುತ್ತಾರೆ. ಬೀರವಾಡಿಯ ಆಮದಾರರ ಹೆಸರು ಇಲ್ಲಿ ಬೇಡ. ಊರಲ್ಲೇ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ನಮಗೇಕೆ ಆ ಧೈರ್ಯ. ಅವರ ಹುಟ್ಟುಹಬ್ಬ ಬಂತೆಂದರೆ ಚಿಕ್ಕೋಡಿಯಿಂದ ಸದಲಗಾದವರೆಗೆ ಫ್ಲೆಕ್ಸ್ ಬೋರ್ಡುಗಳು ಎದ್ದು ನಿಲ್ಲುತ್ತಿದ್ದವು. ನಡುವೆ ಕೈಮುಗಿದ ಆಮದಾರರು, ಅವರ ಬಲಗಡೆ ಕಪ್ಪು ಕನ್ನಡಕದ ಸಂದೇಶ, ಕೆಳಗೆ ಶುಭ ಕೋರುವ ಸಣ್ಣಪುಟ್ಟ ತಲೆಗಳು. ತಲವಾರಿನಿಂದ ಕೇಕು ಕತ್ತರಿಸಿ ಮೊದಲ ತುಂಡನ್ನು ಆಮದಾರರು ಸ್ವಂತ ಕೈಯಿಂದ ಸಂದೇಶನ ಬಾಯಿಗೆ ಇಟ್ಟ ವಿಡಿಯೊ ನೋಡದ ಮೊಬೈಲು ತಾಲೂಕಿನಲ್ಲಿ ಇರಲಿಲ್ಲ. ಹಬ್ಬ ಮುಗಿದ ಮೇಲೆ ಆ ಫ್ಲೆಕ್ಸುಗಳನ್ನು ಜನ ಬಿಚ್ಚಿಕೊಂಡು ಹೋಗಿ ಕಣಿಕೆಯ ಬಣವೆಗೆ ಹೊದಿಸುತ್ತಿದ್ದರು, ದನದ ಕೊಟ್ಟಿಗೆಗೆ ಮರೆ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಅರ್ಧ ಊರು ಇವರಿಬ್ಬರ ಮುಖದ ಕೆಳಗೇ ಒಣಗಿರುತ್ತಿತ್ತು.

ಜ್ಞಾನದೇವ ಹುಚ್ಚನಲ್ಲ, ಸಿಟ್ಟಿನವನೂ ಅಲ್ಲ. ನೌಕರಿ ಎಂದರೆ ನೌಕರಿ ಅಂದುಕೊಂಡವನು, ಅಷ್ಟೆ. ಹೊಳೆಯ ದಾರಿಗೆ ಅಡ್ಡ ಒಂದು ಬಿದಿರಿನ ಗಳ ಕಟ್ಟಿ ಟಿಪ್ಪರು ನಿಲ್ಲಿಸುತ್ತಿದ್ದ, ಮೇಲಿನವರಿಗೆ ಫೋನು ಮಾಡುತ್ತಿದ್ದ. ಮೇಲಿನವರು ಬರುತ್ತಿರಲಿಲ್ಲ, ಇವನು ಮರುದಿನ ಮತ್ತೆ ಗಳ ಕಟ್ಟುತ್ತಿದ್ದ.

"ನೀ ಒಬ್ಬಾಂವ ಹೊಳಿ ಹೊತ್ಕೊಂಡು ಕುಂದ್ರತೀಯೇನೋ?" ಎಂದು ಶಿವಗಂಗವ್ವ ಬೈದಳು.

"ಹೊಳಿ ಹೊತ್ಕೊಂಡಿಲ್ಲಕ್ಕ. ಗಳಾ ಕಟ್ಟೀನಿ. ಮುರಕೊಂಡು ಹೋಗೂದು ಅವ್ರ ಕೆಲಸ, ಕಟ್ಟೂದು ನಂದು" ಎಂದು ನಕ್ಕ.

ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತಿದ್ದಾಗ ಇಮಾಮಸಾಬ ಬಂದ. ಊರ ನಾಕಾದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನು, ಜ್ಞಾನದೇವನ ಬಾಲ್ಯದ ಗೆಳೆಯ. ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ಹೊಳೆಯ ಕಡೆ ಕೈ ತೋರಿಸಿದ. ಶಿವಗಂಗವ್ವ ಓಡಿದಳು. ಹೊಳೆಯ ದಾರಿಯಲ್ಲಿ ಬಿದಿರಿನ ಗಳ ಮುರಿದು ಬಿದ್ದಿತ್ತು. ಟಿಪ್ಪರು ಜ್ಞಾನದೇವನ ಮೇಲೆ ಹೋಗಿ, ಹಿಂದೆ ಬಂದು, ಮತ್ತೆ ಹೋಗಿತ್ತು. ಮಣ್ಣಿನಲ್ಲಿ ಗಾಲಿಯ ಗುರುತು ಹಾಗೆ ಹೇಳುತ್ತಿತ್ತು. ಅವಳು ಅಲ್ಲಿ ಕೂತು ಹಾಕಿದ ಕೂಗಿಗೆ ಆ ದಂಡೆಯ ಜನವೂ ಕೆಲಸ ಬಿಟ್ಟು ನಿಂತರು. ಅವಳ ಗಂಟಲು ಹರಿದದ್ದು ಅವತ್ತು.

ಸಂಜೆಯೊಳಗೆ ಚಾಲಕನೆಂದು ಒಬ್ಬ ಬಡಪಾಯಿ ತಾನಾಗಿ ಠಾಣೆಗೆ ಹೋಗಿ ಕೈ ಮುಂದೆ ಮಾಡಿದ. ಅವನಿಗೆ ಟಿಪ್ಪರಿನ ಗೇರು ಯಾವುದು ಬ್ರೇಕು ಯಾವುದು ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ ಎಂದು ಊರೆಲ್ಲ ಆಡಿಕೊಂಡಿತು. ಪೊಲೀಸರು ಅಪಘಾತವೆಂದು ಬರೆದುಕೊಂಡರು. ಸಂದೇಶನ ಹೆಸರು ಎಲ್ಲೂ ಬರಲಿಲ್ಲ. ರಸ್ತೆಯ ಮೇಲಿದ್ದ ಫ್ಲೆಕ್ಸುಗಳೆಲ್ಲ ಒಂದೇ ದಿನದಲ್ಲಿ ಮಾಯವಾದವು. ಪತ್ರಿಕೆಯವರು ಕೇಳಿದಾಗ ಆಮದಾರರು ಮುಖದಲ್ಲಿ ನಿಜವಾದ ದುಃಖ ತಂದುಕೊಂಡು, "ಸಂದೇಶ ಯಾರು ಅಂತ ನನಗ ಗೊತ್ತಿಲ್ರಿ. ದಿನಾ ಸಾವಿರ ಮಂದಿ ಬಂದು ಫೋಟೊ ಹೊಡಸ್ಕೋತಾರ" ಎಂದರು. ಪತ್ರಿಕೆಯವರು ಕೇಕಿನ ವಿಡಿಯೊ ತೋರಿಸಿದರು. "ಹುಟ್ಟುಹಬ್ಬದ ದಿನ ಯಾರು ಬಾಯಿ ತಗದ್ರೂ ಕೇಕ್ ಇಡ್ತೀನಿ. ಅದು ನಮ್ಮ ಸಂಸ್ಕೃತಿ" ಎಂದರು.

ಶಿವಗಂಗವ್ವ ಚಿಕ್ಕೋಡಿಗೆ ಹೋಗಿ ಕಚೇರಿಗಳ ಎದುರಿನ ಬೇವಿನ ಮರದ ಕೆಳಗೆ ಕೂತಳು. ಜೊತೆಗೆ ತಮ್ಮನ ಹೆಂಡತಿ ಮನೀಷಾ, ಇಮಾಮಸಾಬ. ಇಮಾಮಸಾಬ ತನ್ನ ಆಡಿನ ಗೂಡಿಗೆ ಹೊದಿಸಿದ್ದ ಫ್ಲೆಕ್ಸ್ ಕಿತ್ತು ತಂದು ಮರಕ್ಕೆ ಕಟ್ಟಿದ. ಆಡಿನ ವಾಸನೆ ಹೊಡೆಯುತ್ತಿದ್ದ ಆ ಫ್ಲೆಕ್ಸಿನಲ್ಲಿ ಆಮದಾರರ ಹೆಗಲ ಮೇಲೆ ಸಂದೇಶನ ಕೈ ಇತ್ತು. ಮೊದಲ ವಾರ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಐಗಳಿಯಿಂದ ಒಂದು ಟ್ರ್ಯಾಕ್ಟರು ಜನ ಬಂದರು. ಅಲ್ಲಿಯೂ ಒಬ್ಬನ ಕಾಲು ಇಂಥದೇ ಟಿಪ್ಪರಿಗೆ ಹೋಗಿತ್ತು. ಕಾಗವಾಡದ ಕಾಲೇಜು ಹುಡುಗರು ಬಂದರು. ನಿಪ್ಪಾಣಿಯ ವಖಾರಿಯ ಹೆಂಗಸರು ಕೂಲಿ ಬಿಟ್ಟು ಬುತ್ತಿ ಕಟ್ಟಿಕೊಂಡು ಬಂದರು. ಶಿವಗಂಗವ್ವ ಎದ್ದು ನಿಂತು ಒಡೆದ ಗಂಟಲಲ್ಲಿ, "ಆಮದಾರ್ರ, ಸಂದೇಶ ನಿಮ್ಮ ಮನಶ್ಯಾ ಹೌದೋ ಅಲ್ಲೋ?" ಎಂದು ಕೇಳುತ್ತಿದ್ದಳು. ಜನ "ಹೌದೋ ಅಲ್ಲೋ?" ಎಂದು ಹೇಳುತ್ತಿದ್ದರು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಅದನ್ನೇ ಕೂಗಿ ನಗುತ್ತಿದ್ದರು. ಟೀವಿಯವರು ಬಂದರು. ಬೆಂಗಳೂರಿನಲ್ಲಿ ಯಾರೋ ಸದನದಲ್ಲಿ ಈ ಪ್ರಶ್ನೆ ಎತ್ತಿದರಂತೆ. ಸರ್ಕಾರಕ್ಕೆ ಇದನ್ನು ಹೊರಗಿನ ಪೊಲೀಸರ ತನಿಖೆಗೆ ಕೊಡದೆ ಗತ್ಯಂತರವಿಲ್ಲ, ಇನ್ನು ಸ್ವಲ್ಪ ದಿನ ಹೀಗೇ ಕೂತಿರಿ ಎಂದು ಒಬ್ಬ ವಕೀಲರು ಇಮಾಮಸಾಬನ ಕಿವಿಯಲ್ಲಿ ಹೇಳಿ ಹೋದರು. ಇಮಾಮಸಾಬ ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ.

ಅದರ ಮರುದಿನವೇ ಅವಳು ಆ ಮಾತು ಆಡಿದಳು.

ಟೀವಿಯ ಹುಡುಗಿ ಮೈಕು ಹಿಡಿದು, ನಿಮ್ಮ ಬೇಡಿಕೆ ಏನಮ್ಮ ಎಂದು ಕೇಳಿದಳು. ಹೊರಗಿನ ತನಿಖೆ ಆಗಬೇಕು ಎಂದು ಹೇಳಲು ಇಮಾಮಸಾಬ ಬೆಳಿಗ್ಗೆಯೇ ಬಾಯಿಪಾಠ ಮಾಡಿಸಿದ್ದ. ಶಿವಗಂಗವ್ವನಿಗೆ ಆ ಮಾತು ಹಿಡಿಸಿರಲಿಲ್ಲ. ತನಿಖೆ ಎಂದರೆ ಮತ್ತೆ ಕಾಗದ, ಕಾಗದ ಎಂದರೆ ಮತ್ತೆ ಇವರೇ. ಅವಳಿಗೆ ಗೊತ್ತಿದ್ದ ಕೋರ್ಟು ಒಂದೇ, ಅದು ಅವಳ ಕಣ್ಣೆದುರು ಎಂದೂ ಸೋತಿರಲಿಲ್ಲ. ಮೈಕಿಗೆ ಬಾಯಿ ಹತ್ತಿರ ತಂದು ಹೇಳಿದಳು:

"ಆಮದಾರ್ರು ನಮ್ಮ ಬೀರದೇವರ ಗುಡಿಗಿ ಬರಲಿ. ಭಂಡಾರ ಎತ್ತಿ 'ಸಂದೇಶ ನನ್ನ ಮನಶ್ಯಾ ಅಲ್ಲ' ಅನ್ನಲಿ. ಅಂದ್ರ ನಾ ಎದ್ದು ಮನಿಗಿ ಹೋಗತೀನಿ. ಮತ್ತ ಅವ್ರ ಹೆಸರು ನನ್ನ ಬಾಯಾಗ ಬರೂದಿಲ್ಲ."

ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು, ಸಿಳ್ಳೆ ಹೊಡೆದರು. ಸಿಕ್ಕಿಬಿದ್ದ ಎಂದರು. ಇಮಾಮಸಾಬನೊಬ್ಬ ತಲೆ ಮೇಲೆ ಕೈ ಹೊತ್ತು ಕೂತ.

"ಅಕ್ಕಾ, ಯಾಕ ಅಂದಿ ಇದನ್ನ?"

"ಅಂವಾ ಎತ್ತೂದಿಲ್ಲೋ. ಈಶ್ವರನಂಥಾ ಈಶ್ವರ ಎತ್ತಲಿಲ್ಲ."

"ಈಶ್ವರ ಬಡವ ಇದ್ದ, ಅಕ್ಕಾ. ನಾ ಕುರಾನ್ ಮ್ಯಾಲ ಕೈ ಇಟ್ಟು ಸುಳ್ಳು ಹೇಳಿದವ್ರನ್ನೂ ನೋಡೀನಿ. ದೊಡ್ಡವ್ರ ಕೈ ಬ್ಯಾರೆ ಇರ್ತಾವ."

"ದೇವ್ರು ಒಬ್ಬಾಂವ ಅದಾನಲ್ಲ" ಎಂದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಕಳೆ ಬಂದಿತ್ತು. ಅದನ್ನು ಒರೆಸುವ ಮನಸ್ಸು ಇಮಾಮಸಾಬನಿಗೂ ಆಗಲಿಲ್ಲ.

ಸಂಜೆಗೇ ಆಮದಾರರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಆ ತಾಯಿಯ ಮಾತು ನನಗೆ ದೇವರ ಮಾತು, ಬರುವ ಅಮಾವಾಸ್ಯೆಗೇ ಬರುತ್ತೇನೆ ಎಂದು ತಾವೇ ದಿನ ಹೇಳಿದರು. ಅಮಾವಾಸ್ಯೆ ಎಂಬ ಮಾತು ಕೇಳಿ ಶಿವಗಂಗವ್ವನ ಎದೆ ಹಗುರವಾಯಿತು. ಅಷ್ಟು ದಿನಗಳಲ್ಲಿ ಅವನೊಳಗೆ ಹೆದರಿಕೆ ಕೆಲಸ ಮಾಡುತ್ತದೆ, ಅಪ್ಪನ ಕಾಲದಲ್ಲಿ ಆದದ್ದೇ ಆಗುತ್ತದೆ, ಹಿಂದಿನ ದಿನ ಯಾರಾದರೂ ಹೇಳಿ ಕಳಿಸುತ್ತಾರೆ ಎಂದು ಕಾದಳು. ಆ ದಿನಗಳಲ್ಲಿ ನಡೆದದ್ದೇ ಬೇರೆ. ಗುಡಿಯ ಮುಂದಿನ ಜಾಲಿಗಿಡ ಕಡಿದು ಬಯಲು ಮಾಡಿದರು. ಪೆಂಡಾಲು ಬಂತು, ಧ್ವನಿವರ್ಧಕ ಬಂತು, ಕ್ಯಾಮೆರಾ ಇಡಲು ಅಟ್ಟಣೆ ಬಂತು. ಹೊಸ ಹಿತ್ತಾಳೆ ಪರಾತವೂ ಬಂತು. ಹಳೆಯದು ಟೀವಿಯಲ್ಲಿ ಸರಿ ಕಾಣುವುದಿಲ್ಲವಂತೆ.

ಅಪ್ಪ ಸತ್ತ ಮೇಲೆ ಪೂಜಾರಿಕೆ ಚಿಕ್ಕಪ್ಪನ ಮಗ ಕಾಡಸಿದ್ದನಿಗೆ ಹೋಗಿತ್ತು. ಅವನು ಒಳ್ಳೆಯವನೇ, ಯಾರಿಗೂ ಇಲ್ಲ ಎನ್ನಲು ಬಾರದಂಥ ಒಳ್ಳೆಯವನು. ಆಣೆಯ ದಿನ ಬೆಳಿಗ್ಗೆ ಹೊಸ ಕಂಬಳಿ ಹೊದ್ದು ಅವಳ ಮುಂದೆ ಬಂದು ನಿಂತಾಗ ಕಣ್ಣು ತಪ್ಪಿಸಿದ. ಶಿವಗಂಗವ್ವ ಆಗಲಾದರೂ ತಿಳಿದುಕೊಳ್ಳಬಹುದಿತ್ತು. ತಿಳಿದುಕೊಳ್ಳಲಿಲ್ಲ.

ಸದಲಗಾ, ರಾಯಬಾಗ, ಅಥಣಿ, ಎಲ್ಲ ಕಡೆಯಿಂದ ಜನ ಬಂದಿದ್ದರು. ಆಮದಾರರು ಹೊಳೆಯಲ್ಲೇ ಮಿಂದರು. ಜ್ಞಾನದೇವ ಬಿದ್ದಿದ್ದ ದಾರಿಯಲ್ಲೇ ಬರಿಗಾಲಲ್ಲಿ, ಒದ್ದೆ ಧೋತರದಲ್ಲಿ ನಡೆದು ಬಂದರು. ಮೈಯಿಂದ ನೀರು ಇಳಿಯುತ್ತಿತ್ತು. ಹೆಂಗಸರು ಅಯ್ಯೋ ಪಾಪ ಎಂದರು. ಶಿವಗಂಗವ್ವ ಚಿಕ್ಕಂದಿನಲ್ಲಿ ಒರಗಿ ನಿಲ್ಲುತ್ತಿದ್ದ ಅದೇ ಕಂಬದ ಹತ್ತಿರ ನಿಂತಿದ್ದಳು. ಕಾಡಸಿದ್ದ ಪರಾತ ಮುಂದೆ ಮಾಡಿದ. ಅವಳು ಆಮದಾರರ ಮುಖ ನೋಡಲಿಲ್ಲ, ಕೈ ನೋಡಿದಳು.

ಕೈ ಬಿಲ್ವಪತ್ರೆ ತೆಗೆದುಕೊಂಡಿತು. ಪರಾತದೊಳಗೆ ಹೋಯಿತು, ತುಂಬಿಕೊಂಡು ಮೇಲೆ ಬಂತು.

"ಸಂದೇಶ ನನ್ನ ಮನಶ್ಯಾ ಅಲ್ಲ. ನಮ್ಮ ಜ್ಞಾನದೇವನ ಸಾವಿನಾಗ ನನ್ನ ಕೈ ಇಲ್ಲ, ನನ್ನ ಮಾತಿಲ್ಲ. ಸುಳ್ಳಾಗಿದ್ರ ಬೀರದೇವರು ನನ್ನ ಮನಿತನ ನೋಡ್ಕೊಳ್ಳಲಿ."

ಒಂದು ಅಕ್ಷರ ತಡವರಿಸಲಿಲ್ಲ. ಕೈ ನಡುಗಲಿಲ್ಲ. ಪಿಂಗಾಣಿ ಬಟ್ಟಲು ಹಿಡಿದು ಚಹಾ ಕುಡಿಯುವವನ ಕೈ ಎಷ್ಟು ನೆಟ್ಟಗಿರುತ್ತದೋ ಅಷ್ಟು ನೆಟ್ಟಗಿತ್ತು. ಭಂಡಾರ ಮೇಲಕ್ಕೆ ಹಾರಿತು. "ಬೀರದೇವಾಚ್ಯಾ ನಾವಾನಂ ಚಾಂಗಭಲಂ!" ಎಂದು ಸಾವಿರ ಗಂಟಲು ಮರಾಠಿಯಲ್ಲೇ ದೇವರಿಗೆ ಜೈ ಕೂಗಿದವು. ಡೊಳ್ಳು ಎದ್ದವು. ಗಾಳಿಯೆಲ್ಲ ಹಳದಿಯಾಯಿತು. ಆ ಹಳದಿಯ ನಡುವೆ ಆಮದಾರರು ಬಂದು ಅವಳ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದರು. "ನಿನ್ನ ತಮ್ಮ ಹ್ವಾದ ಅನ್ಕೋಬ್ಯಾಡವ್ವಾ, ನಾ ಅದೀನಿ" ಎಂದರು. ಕ್ಯಾಮೆರಾಗಳೆಲ್ಲ ಅಲ್ಲಿಗೆ ತಿರುಗಿದವು. ಅವಳ ಪಾದದ ಮೇಲೆ ಐದು ಬೆರಳಿನ ಅರಿಶಿನ ಗುರುತು ಮೂಡಿತ್ತು. ಶಿವಗಂಗವ್ವನಿಗೆ ಕೂಗಬೇಕೆನಿಸಿತು. ಸುಳ್ಳು, ಸುಳ್ಳು ಎಂದು ಆ ದಂಡೆಗೂ ಕೇಳುವಂತೆ ಕೂಗಬೇಕು. ಬಾಯಿ ತೆರೆದಳು. ಭಂಡಾರ ಎತ್ತಿದವನನ್ನು ಸುಳ್ಳ ಎಂದು ಕರೆಯಲು ಆ ಮನೆಯಲ್ಲಿ ಹುಟ್ಟಿದವಳಿಗೆ ನಾಲಿಗೆ ಹೊರಳಲಿಲ್ಲ. ತೆರೆದ ಬಾಯೊಳಗೆ ಅರಿಶಿನದ ಪುಡಿ ಹೋಗಿ ಕೆಮ್ಮು ಬಂತು.

ಮಾತು ಕೊಟ್ಟಂತೆ ಅವಳು ಮನೆಗೆ ಹೋದಳು. ಚಿಕ್ಕೋಡಿಯ ಬೇವಿನ ಮರದಿಂದ ಇಮಾಮಸಾಬ ಫ್ಲೆಕ್ಸ್ ಬಿಚ್ಚಿಕೊಂಡು ಬಂದು ಮತ್ತೆ ಆಡಿನ ಗೂಡಿಗೆ ಹೊದಿಸಿದ. ಹೊರಗಿನ ತನಿಖೆಯ ಮಾತು ಎಲ್ಲಿಗೋ ಹೋಯಿತು. ದೇವರ ಮುಂದೆಯೇ ತೀರ್ಮಾನವಾದ ಮೇಲೆ ಇನ್ನೇನು ತನಿಖೆ ಎಂದು ಸದನದಲ್ಲೇ ಒಬ್ಬರು ಕೇಳಿದರಂತೆ. ಮನೀಷಾ ಒಬ್ಬಳೇ ಠಾಣೆಗೆ ಹೋಗಿ ನಿಂತಳು. "ನಿಮ್ಮ ಮಂದಿನೇ ಆಣಿ ಕೇಳಿದ್ರಿ, ಅವ್ರು ಮಾಡಿದ್ರು. ಮತ್ತೇನ್ ಬೇಕಬೇ ನಿಮಗ?" ಎಂದು ಕಳಿಸಿದರು. ಅವಳು ಮನೆಗೆ ಬಂದು ನಾದಿನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಶಿವಗಂಗವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಊರಿನ ಹಿರಿಯರು ಒಂದು ವರ್ಷ ಕಾಯೋಣ ಎಂದರು. ಸುಳ್ಳು ಭಂಡಾರ ಎತ್ತಿದವನು ವರುಷ ದಾಟುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಕಾದರು. ಒಮ್ಮೆ ಆಮದಾರರಿಗೆ ಜ್ವರ ಬಂದು ಒಂದು ಸಭೆ ತಪ್ಪಿತು; ಬೀರವಾಡಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುವಾರ ಆಮದಾರರು ಕೆಂಪಗೆ ಮಿರುಗುತ್ತ ಬಂದು ಕುಸ್ತಿ ಕಣ ಉದ್ಘಾಟನೆ ಮಾಡಿದರು. ಆಮೇಲೆ ಮಂತ್ರಿಯಾದರು. ಬೀರದೇವರ ಗುಡಿಗೆ ಕಲ್ಲಿನ ಮಹಾದ್ವಾರ ಮಂಜೂರು ಮಾಡಿದರು. ಅದರ ಕಂತ್ರಾಟು ಸಿಕ್ಕಿದ್ದು ಅವರ ಮನುಷ್ಯನಲ್ಲದ ಸಂದೇಶನಿಗೆ. ಟಿಪ್ಪರುಗಳು ಹೊಳೆಯ ಉಸುಕು ತಂದು ದೇವರ ಬಾಗಿಲಲ್ಲಿ ಸುರಿದವು. ಯಾರೂ ಗಳ ಕಟ್ಟಲಿಲ್ಲ.

ಆ ವರ್ಷ ಕಳೆಯುವುದರೊಳಗೆ ಬಿದ್ದದ್ದು ಶಿವಗಂಗವ್ವ. ಹಿತ್ತಲ ಪಾಚಿಯಲ್ಲಿ ಕಾಲು ಜಾರಿ ಬಲಗೈ ಮುರಿಯಿತು. ಸೊಟ್ಟಗೆ ಕೂಡಿಕೊಂಡಿತು, ಜರಡಿ ಹಿಡಿಯುವ ಕೆಲಸ ಅಲ್ಲಿಗೆ ಮುಗಿಯಿತು. ಊರಿನಲ್ಲಿ ಮೊದಲು ಒಂದು ಮನೆಯಲ್ಲಿ, ಆಮೇಲೆ ಎರಡು ಮನೆಯಲ್ಲಿ, ಕೊನೆಗೆ ಬಾವಿಯ ಕಟ್ಟೆಯಲ್ಲೇ ಆ ಮಾತು ಶುರುವಾಯಿತು. ಪಾಪ, ಆಮದಾರರ ಮೇಲೆ ಸುಳ್ಳು ಹೊರಿಸಿದಳು, ಬೀರದೇವರು ತೋರಿಸಿಕೊಟ್ಟ. ತೀರ್ಪು ಯಾರ ಕಡೆ ಆಯಿತು ನೋಡಿ. ಅವಳೊಡನೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡ ಹೆಂಗಸರೇ ಹಾಗೆಂದರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬೇರೆ ಯಾರಿಗೋ ಹೀಗಾಗಿದ್ದರೆ ತಾನೂ ಹಾಗೇ ಅನ್ನುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಒಮ್ಮೊಮ್ಮೆ ಮಧ್ಯಾಹ್ನ ಒಬ್ಬಳೇ ಕೂತಾಗ ಸೊಟ್ಟ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತ, ನಿಜವಾಗಿಯೂ ನನ್ನದೇ ಸುಳ್ಳಿರಬಹುದೇ ಎಂದು ಯೋಚಿಸುತ್ತಿದ್ದಳು. ಗಾಲಿಯ ಗುರುತು ಮೂರು ಸಲ ಹೋಗಿತ್ತಲ್ಲ ಎಂದು ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದಳು.

ಇದಾದ ಮುಂಗಾರಿಗೆ ಪಕ್ಕದ ಹೊಲದ ಭರತ ಕಬ್ಬು ನಾಟಿ ಮಾಡಿಸಿದ. ಅದೇ ಈಶ್ವರನ ಮಗ. ಮನೀಷಾ ಹೊಲಕ್ಕೆ ಹೋದವಳು ಏದುಸಿರು ಬಿಡುತ್ತ ವಾಪಸು ಬಂದಳು. ಬದುವಿನ ಕಲ್ಲು ನಾಲ್ಕು ಸಾಲಿನಷ್ಟು ಒಳಗೆ ಬಂದಿದೆ. ಶಿವಗಂಗವ್ವ ಅವಳ ಹಿಂದೆ ಹೋದಳು. ಹೌದು, ಅದೇ ಕಲ್ಲು, ಬುಡದಲ್ಲಿ ಹಸಿ ಮಣ್ಣು. ಭರತ ಟ್ರ್ಯಾಕ್ಟರಿನಿಂದ ಇಳಿದು ಬಂದ. ಅಕ್ಕಪಕ್ಕದ ಹೊಲದವರೂ ಕೆಲಸ ಬಿಟ್ಟು ನೆರೆದರು.

"ಕಲ್ಲು ಎಲ್ಲಿತ್ತೋ ಅಲ್ಲೇ ಐತಿ" ಎಂದ ಭರತ. ಮನೀಷಾ ಕೂಗಾಡಿದಳು. ಅವನಿಗೆ ಸಿಟ್ಟೇ ಬರಲಿಲ್ಲ. "ಯಾಕ ಬಾಯಿ ಮಾಡತಿ? ನಡೀರಿ ಗುಡಿಗಿ. ಭಂಡಾರ ಎತ್ತಿಬಿಡತೀನಿ. ಈಗಿಂದೀಗ."

ನಗುತ್ತಲೇ ಹೇಳಿದ. ಕೆಟ್ಟ ನಗೆಯೂ ಅಲ್ಲ. ಚಹಾ ಕುಡಿದು ಬರೋಣ ನಡಿ ಎನ್ನುವವನ ನಗೆ. ಶಿವಗಂಗವ್ವ ಅವನ ಕೈ ನೋಡಿದಳು. ಟ್ರ್ಯಾಕ್ಟರಿನ ಎಣ್ಣೆ ಮೆತ್ತಿಕೊಂಡ ಕೈ ಸೊಂಟದ ಮೇಲೆ ಆರಾಮವಾಗಿ ಕೂತಿತ್ತು. ಅವನ ಅಪ್ಪನ ಕೈಯಷ್ಟೇ ದೊಡ್ಡ ಕೈ. ಆಮದಾರರು ಎತ್ತಿದ ದಿನ ಡೊಳ್ಳಿನ ಮುಂದೆ ಕುಣಿದ ಹುಡುಗರಲ್ಲಿ ಇವನೂ ಇದ್ದ. ಏನಾಯಿತು ಅವರಿಗೆ, ಏನೂ ಆಗಲಿಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಭಂಡಾರ ಎತ್ತಬಹುದು ಎಂದು ಈ ಹುಡುಗನಿಗೆ, ಈ ಇಡೀ ಊರಿಗೆ ತೋರಿಸಿಕೊಟ್ಟದ್ದು ಯಾರು? ಆ ಮನುಷ್ಯನನ್ನು ಗುಡಿಗೆ ಕರೆಸಿದ್ದು ತಾನೇ. ಅಪ್ಪ ಒಂದು ಜೀವಮಾನ ಕಾಪಾಡಿಕೊಂಡು ಬಂದದ್ದನ್ನು ಒಂದು ಬೆಳಿಗ್ಗೆಯಲ್ಲಿ ಕಳೆದಳು. ತಮ್ಮ ಹೋದದ್ದಕ್ಕೆ ಅತ್ತಿದ್ದಳು. ಇದಕ್ಕೆ ಅಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಎತ್ತಲಿ, ಅಕ್ಕಾ!" ಎಂದು ಮನೀಷಾ ಚೀರಿದಳು. "ಧೈರ್ಯ ಇದ್ರ ಎತ್ತಲಿ! ನೋಡೇ ಬಿಡೋಣು!"

ಶಿವಗಂಗವ್ವ ಮನೀಷಾಳ ರಟ್ಟೆ ಹಿಡಿದಳು.

"ಎತ್ತತಾನವ್ವಾ. ಅದಕ ಬ್ಯಾಡ."

ಭರತ ಗುಡಿಯ ಕಡೆ ಎರಡು ಹೆಜ್ಜೆ ಇಟ್ಟಾಗಿತ್ತು. ಅವಳು ಅವನ ಮುಂದೆ ಹೋಗಿ ಸೊಟ್ಟ ಕೈ ಅಡ್ಡ ಹಿಡಿದು ನಿಂತಳು. "ಬ್ಯಾಡಪ್ಪಾ, ದೇವ್ರ ತನಕ ಹೋಗಬ್ಯಾಡ. ಕಲ್ಲು ಅಲ್ಲೇ ಇರಲಿ" ಎಂದಳು.

ದನಿ ಎಷ್ಟು ಸಣ್ಣಗಾಗಿತ್ತೆಂದರೆ ಎದುರಿಗೆ ನಿಂತವನಿಗೇ ಕೇಳಲಿಲ್ಲ. ಭರತ ಕಿವಿ ಮುಂದೆ ಮಾಡಿ, "ಏನಂದಿ, ಅತ್ತಿ?" ಎಂದ. ಅವಳು ಅದನ್ನು ಇನ್ನೊಮ್ಮೆ ಹೇಳಬೇಕಾಯಿತು.